ಟೈಲ್ಸ್ ಗೋಡೆಗಳ ನಡುವೆ ಒಂದು ಜೊತೆ ಸ್ಪೀಕರ್

ಜೂನ್ ೧, ಭಾನುವಾರ

ಬೆಳಿಗ್ಗೆ ಚಮಚ ಕೈಜಾರಿ ಬಿತ್ತು. ಬಿದ್ದದ್ದು ಒಂದು ಸಲ, ಕೇಳಿಸಿದ್ದು ಹಲವು ಸಲ. ಸದ್ದು ಅಡುಗೆ ಕಟ್ಟೆಯಿಂದ ಹೊರಟು ಎದುರು ಗೋಡೆಗೆ ಹೋಗಿ, ಗಾಜಿಗೆ ಬಡಿದು, ಸೂರು ಮುಟ್ಟಿ, ಮತ್ತೆ ನನ್ನ ಹತ್ತಿರವೇ ಬಂತು. ಇನ್ಯಾರ ಹತ್ತಿರ ಹೋದೀತು?

ಮೊದಲು ಇದು ಟೈಲ್ಸ್ ಅಂಗಡಿಯಾಗಿತ್ತು. ಮಾಲೀಕರು ವ್ಯಾಪಾರವನ್ನು ದೊಡ್ಡ ರಸ್ತೆಗೆ ಸಾಗಿಸಿ, ಮಾದರಿಗಳನ್ನು ಗೋಡೆಯಲ್ಲೇ ಬಿಟ್ಟುಹೋಗಿದ್ದಾರೆ. ಒಂದೊಂದು ಚದರ ಒಂದೊಂದು ಬಗೆ. ನೀಲಿ ಅಲೆ, ಮರದ ಗೆರೆ, ಕಪ್ಪುಬಿಳಿ ಚೌಕ, ಬಚ್ಚಲಿಗೆಂದು ಮಾಡಿದ ಮೀನು. ರಸ್ತೆಯ ಕಡೆ ನೆಲದಿಂದ ಸೂರಿನವರೆಗೆ ಗಾಜು. ನೆಲದಲ್ಲಿ ಮುಖ ಕಾಣುತ್ತದೆ. ಹಿಂದೆ ಮಲಗಲು ಒಂದು ಸಣ್ಣ ಕೋಣೆ, ಒಂದು ಬಚ್ಚಲು. ಮಿಕ್ಕದ್ದೆಲ್ಲ ಒಂದೇ ಬಯಲು. ಬಾಡಿಗೆ ಕಡಿಮೆ, ಆಸ್ಪತ್ರೆಗೆ ನಡೆದೇ ಹೋಗಬಹುದು, ಹಳೇ ಮನೆಯ ಯಾವ ಮೂಲೆಯೂ ಇಲ್ಲಿ ನೆನಪಾಗುವುದಿಲ್ಲ. ಒಪ್ಪಿಕೊಂಡದ್ದು ಮೂರನೆಯ ಕಾರಣಕ್ಕೆ.

ಬಚ್ಚಲ ಕೆಲಸದವರು ಮೊನ್ನೆ ಮುಗಿಸಿ ಹೋದರು. ಅವರಿದ್ದಷ್ಟು ದಿನ ಗದ್ದಲಕ್ಕೆ ಬೈದುಕೊಳ್ಳುತ್ತಿದ್ದೆ.

ಹನ್ನೊಂದರ ಬಸ್ಸಿಗೆ ಮಾವ ಬಂದರು. ಅತ್ತೆ ಹೋದಮೇಲೆ ಅವರು ನಾದಿನಿಯ ಮನೆಯಲ್ಲಿದ್ದಾರೆ; ಭಾನುವಾರ ಮಾತ್ರ ನನ್ನ ಜೊತೆ ಊಟ. ಮಗ ಮನೆ ಬಿಟ್ಟು ಹೋದ ಮೇಲೂ ಅವರು ಭಾನುವಾರ ತಪ್ಪಿಸಿಲ್ಲ. (ಆ ಮಗನನ್ನು ಇನ್ನು ಮೇಲೆ ಏನೆಂದು ಬರೆಯುವುದು? ‘ನಮ್ಮವರು’ ಎಂದು ಬರೆದು ಹೊಡೆದುಹಾಕಿದೆ. ‘ಮಾವನ ಮಗ’ ಎಂದಿರಲಿ.)

ಊಟವಾದ ಮೇಲೆ ಹೇಳಿಬಿಟ್ಟೆ.

“ಮಾವ, ಎಲ್ಲ ಮುಗೀತು. ಕೋರ್ಟಲ್ಲಿ ತೀರ್ಮಾನ ಆಯ್ತು. ಇಬ್ರೂ ಸಹಿ ಹಾಕಿದ್ವಿ.”

ಅವರು ನನ್ನ ಮುಖ ನೋಡಿದರು, ಗೋಡೆ ನೋಡಿದರು, ನಿಧಾನವಾಗಿ ತಲೆಯಾಡಿಸಿದರು.

“ಒಳ್ಳೇದಾಯ್ತು ಬಿಡಮ್ಮ. ಎಷ್ಟು ದಿನ ಅಂತ ಎಳೀತಾರೆ. ಇನ್ನು ನೆಮ್ಮದಿಯಾಗಿರು.”

ಅಷ್ಟು ಹೇಳಿ, ಪೇಪರಿನ ಪದಬಂಧ ತುಂಬಲು ಪೆನ್ನು ಕೇಳಿದರು.

ಎರಡು ವಾರದಿಂದ ಆ ಮಾತನ್ನು ಹೇಗೆ ಹೇಳಲಿ ಎಂದು ನಾಲಿಗೆಯ ಮೇಲೆ ಹೊರಳಿಸುತ್ತಿದ್ದೆ. ಪೆನ್ನು ಕೊಟ್ಟೆ.

ಜೂನ್ ೪, ಬುಧವಾರ

“ಉಸಿರು ಎಳ್ಕೊಳ್ಳಿ. ಹಾಗೇ ಹಿಡ್ಕೊಳ್ಳಿ. ಅಲ್ಲಾಡಬೇಡಿ. ಆಯ್ತು, ಬಿಡಿ.”

ಇಡೀ ದಿನ ಎಕ್ಸ್‌ರೇ ಕೋಣೆಯ ಗಾಜಿನ ಹಿಂದೆ ನಿಂತು ನಾನು ಆಡುವ ಮಾತು ಇಷ್ಟೇ. ಇವತ್ತು ಮನೆಗೆ ಬಂದು ಬೀಗ ತೆಗೆದ ಮೇಲೆ ಒಂದು ಮಾತೂ ಆಡಿಲ್ಲ ಎಂದು ಮಲಗುವ ಹೊತ್ತಿಗೆ ನೆನಪಾಯಿತು. ಏನಾದರೂ ಹೇಳೋಣ ಎಂದು “ಸರಿ” ಅಂದೆ. ಗೋಡೆ “ಸರಿ, ಸರಿ” ಅಂದಿತು. ಬೇಡವಾಗಿತ್ತು.

ಸ್ಪೀಕರ್ ಕೊಳ್ಳುತ್ತೇನೆ. ಒಳ್ಳೆಯವನ್ನೇ.

ಹಳೇ ಮನೆಯಲ್ಲಿ ಇದ್ದವು. ಅವುಗಳ ಎದುರಿಗೆ ಒಂದು ಕುರ್ಚಿ. ಅದು ಮಾವನ ಮಗನದು. ಅಲ್ಲಿ ಕೂತರೆ ಹಾಡುವವರು ಕೈಗೆಟಕುವಷ್ಟು ಹತ್ತಿರ ನಿಂತ ಹಾಗಿರುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಕೇಳುತ್ತಿದ್ದದ್ದು ಅಡುಗೆಮನೆಯಿಂದ. ಅಲ್ಲಿಯವರೆಗೆ ಬರುತ್ತಿದ್ದದ್ದು ಬರೀ ದಬ್ ದಬ್. ನನ್ನನ್ನು ಕರೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಕರೆದಾಗಲೆಲ್ಲ ಒಲೆಯ ಮೇಲೆ ಏನಾದರೊಂದು ಇರುತ್ತಿತ್ತು.

ಜೂನ್ ೭, ಶನಿವಾರ

ಬೀಗದ ಅಂಗಡಿಗೂ ದೀಪದ ಅಂಗಡಿಗೂ ನಡುವೆ ಒಂದು ಇಕ್ಕಟ್ಟಿನ ಮೆಟ್ಟಿಲು. ಹತ್ತಿದರೆ ಸ್ಪೀಕರ್ ಅಂಗಡಿ. ಅದರ ಮಾಲೀಕರು ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಕನ್ನಡಕ ಹುಡುಕುತ್ತಿದ್ದರು.

“ಯಜಮಾನ್ರು ಬರ್ತಾರಾ ಮೇಡಂ? ಅವ್ರೂ ಒಂದ್ಸಲ ಕೇಳಿಬಿಟ್ರೆ…”

“ನನಗೇ ಬೇಕಾಗಿರೋದು.”

“ಸಂತೋಷ. ಏನ್ ಕೇಳ್ತೀರಿ ಸಾಮಾನ್ಯವಾಗಿ?”

ಇಷ್ಟು ವರ್ಷ ಆ ಮನೆಯಲ್ಲಿ ಏನೆಲ್ಲ ನುಡಿಯುತ್ತಿತ್ತು, ಅದರಲ್ಲಿ ನನಗೆ ಇಷ್ಟವಾದದ್ದು ಯಾವುದು? ಪರೀಕ್ಷೆಯಲ್ಲಿ ಓದದ ಪ್ರಶ್ನೆ ಬಂದ ಹಾಗೆ ನಿಂತೆ. “ಎಲ್ಲ” ಅಂದೆ.

ಒಳಗೆ ಕೇಳುವ ಕೋಣೆಯಿದೆ. ದಪ್ಪ ಜಮಖಾನ, ದಪ್ಪ ಪರದೆ, ಮೆತ್ತನೆಯ ಸೋಫಾ. ಬಾಗಿಲು ಮುಚ್ಚಿದರೆ ಹೊರಗಿನ ಲೋಕವೇ ಇಲ್ಲ. ಒಬ್ಬ ಹೆಂಗಸು ತಗ್ಗಿದ ದನಿಯಲ್ಲಿ ಹಾಡಿದ್ದನ್ನು ಹಾಕಿದರು, ಜೊತೆಗೆ ಒಂದೇ ಒಂದು ತಂತಿವಾದ್ಯ. ಹಾಡಿನ ನಡುವೆ ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು. ಯಾರೂ ಹೇಳದೆ ತಾನೇ ಎಳೆದುಕೊಂಡಳು, ತಾನೇ ಬಿಟ್ಟಳು.

“ನಿಮ್ಮ ರೂಮ್ ಎಷ್ಟು ದೊಡ್ಡದು?”

ಹೇಳಿದೆ. ಅವರ ಮುಖ ಅರಳಿತು. “ದೊಡ್ಡ ರೂಮಿಗೆ ದೊಡ್ಡ ಸ್ಪೀಕರ್. ಅಷ್ಟೇ ಮೇಡಂ. ಮನೇಗೇ ತಂದು ಹಾಕ್ತೀನಿ, ಕೆಲವು ದಿನ ಇಟ್ಕೊಂಡು ಕೇಳಿ.”

ಮಾವನ ಮಗನೂ ಎತ್ತರದವನ್ನೇ ಆರಿಸುತ್ತಿದ್ದರು. ಹಾಗಾದರೆ ಸರಿಯಿರಬೇಕು.

ಜೂನ್ ೮, ಭಾನುವಾರ

ಮಾವ ಬಂದಿದ್ದರು. ಹೊಸದೇನೂ ಇಲ್ಲ. ಈಚೆಗೆ ನಿದ್ದೆ ಬರುವುದಿಲ್ಲ ಎಂದು ಹೇಳಿಕೊಂಡೆ. “ಹೌದೌದು, ಈ ಸಲ ಬೇಗ ಶುರುವಾಯ್ತು,” ಅಂದರು. ಏನು ಶುರುವಾಯಿತೋ. ಮಳೆಯಿರಬೇಕು. ವಯಸ್ಸಾದಂತೆ ಮನುಷ್ಯರಿಗೆ ಬೇರೆಯವರ ನೋವು ಅಷ್ಟಾಗಿ ತಾಗುವುದಿಲ್ಲವೇನೋ. ಅಥವಾ ಇನ್ನು ಇವಳು ನಮ್ಮವಳಲ್ಲವಲ್ಲ ಎಂಬ ಲೆಕ್ಕವೋ. ಬಾಯಿಬಿಟ್ಟು ಹೇಳದೆ ಹೀಗೆ ದೂರವಾಗುವುದೇ ಮರ್ಯಾದೆ ಎಂದುಕೊಂಡಿರಬಹುದು.

ಆಮೇಲೆ ನಾನೂ ಹೆಚ್ಚು ಮಾತಾಡಲಿಲ್ಲ. ಆಡಿದ್ದನ್ನೂ ಮೆಲ್ಲಗೆ ಆಡಿದೆ. ಈ ಮನೆಯಲ್ಲಿ ನನ್ನ ದನಿ ನನಗೇ ಹಿಂಸೆ.

ಜೂನ್ ೧೧, ಬುಧವಾರ

ಸ್ಪೀಕರ್ ಅಂಗಡಿಯವರು ವ್ಯಾನಿನಲ್ಲಿ ಎತ್ತರದ ಜೊತೆಯನ್ನು ತಂದರು. ಒಳಗೆ ಕಾಲಿಟ್ಟವರೇ ನಡುವೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಗೋಡೆಗಳ ನಡುವೆ ಟರ್ರ್‌ರ್ ಎಂದು ಏನೋ ಓಡಾಡಿತು, ಹಕ್ಕಿ ಸಿಕ್ಕಿಹಾಕಿಕೊಂಡ ಹಾಗೆ. ಇನ್ನೊಂದು ಮೂಲೆಗೆ ಹೋಗಿ ಮತ್ತೆ ತಟ್ಟಿದರು. ಮುಖ ಸಣ್ಣದಾಯಿತು.

“ಇದು ರೂಮಲ್ಲ ಮೇಡಂ, ಈಜುಕೊಳ. ನೀರೊಂದಿಲ್ಲ ಅಷ್ಟೇ.”

ನನ್ನ ಮಟ್ಟಿಗೆ ಅವರ ಹೆಸರು ಇನ್ನು ‘ಚಪ್ಪಾಳೆ’ಯವರು.

“ನೆಲಕ್ಕೆ ಏನಾದ್ರೂ ಹಾಸಿ. ಗಾಜಿಗೆ ದಪ್ಪ ಪರದೆ ಹಾಕಿ. ಇಷ್ಟು ಬೋಳಾಗಿದ್ರೆ…”

“ಬೇಡ,” ಅಂದೆ. “ಹೀಗೇ ಇರಲಿ. ಇದಕ್ಕೆ ಹೊಂದೋ ಸ್ಪೀಕರ್ ಕೊಡಿ.”

ಹಳೇ ಮನೆ ತುಂಬ ಸಾಮಾನಿತ್ತು. ಪಾಲು ಮಾಡುವಾಗ ಒಂದೊಂದು ಪರದೆಗೂ ಒಂದೊಂದು ದಿಂಬಿಗೂ ಮಾತಾಯಿತು. ಕೊನೆಗೆ ಎಲ್ಲವನ್ನೂ ಅಲ್ಲೇ ಬಿಟ್ಟು ಬಂದೆ. ಒಳಗೆ ಬಂದ ವಸ್ತು ನಾಳೆ ಯಾರದ್ದು ಎಂದು ಕೇಳುವ ಹಾಗಿರಬಾರದು. ಅದಕ್ಕೇ ಇಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಮಂಚ.

ಎತ್ತರದ ಸ್ಪೀಕರುಗಳನ್ನು ಗೋಡೆಯ ಎರಡು ಮೂಲೆಗೆ ನಿಲ್ಲಿಸಿ ಹಾಡು ಹಾಕಿದರು. ಅದೇ ಹೆಂಗಸು, ಅದೇ ಹಾಡು. ಒಬ್ಬಳಾಗಿದ್ದವಳು ಇಲ್ಲಿ ಗುಂಪಾದಳು. ಒಂದು ಪದ ಮುಗಿಯುವ ಮೊದಲೇ ಅದರ ಮೇಲೆ ಇನ್ನೊಂದು ಬಂದು ಬೀಳುತ್ತಿತ್ತು. ಉಸಿರಂತೂ ಎಲ್ಲೋ ಹೂತುಹೋಗಿತ್ತು.

“ಅಭ್ಯಾಸ ಆಗತ್ತೆ” ಎಂದು ಚಪ್ಪಾಳೆಯವರು ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಜೂನ್ ೧೫, ಭಾನುವಾರ

ಮಾವನಿಗೆ ಸ್ಪೀಕರ್ ತೋರಿಸಿದೆ. ಬೀರುವಿನ ಮುಂದೆ ನಿಂತ ಹಾಗೆ ಅವುಗಳ ಮುಂದೆ ನಿಂತು ಮೇಲಿನಿಂದ ಕೆಳಗೆ ನೋಡಿದರು. ಹಾಡು ಶುರುವಾದದ್ದೇ ಮುಖ ಕಿವುಚಿ, ಕಿವಿಯ ಯಂತ್ರಕ್ಕೆ ಕೈ ಹಾಕಿ ಏನೋ ತಿರುಗಿಸಿದರು.

“ಹೇಗಿದೆ ಮಾವ?”

“ನಮ್ಮ ಮಿಲ್ಲಿನ ಹಾಗಿದೆ.”

ಮಾವ ಬಟ್ಟೆ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದವರು. ಅವರ ಕಿವಿಯನ್ನು ತಿಂದದ್ದೇ ಅಲ್ಲಿನ ಮಗ್ಗಗಳು. ನಗು ಬಂತು. ಈ ಮನೆಯಲ್ಲಿ ನಾನು ನಕ್ಕದ್ದು ಇದೇ ಮೊದಲಿರಬೇಕು. ಗೋಡೆಯಿಂದ ವಾಪಸ್ ಬಂದದ್ದನ್ನು ಕೇಳಿ ಯಾರು ನಕ್ಕರೆಂದು ಒಂದು ಕ್ಷಣ ನೋಡಿದೆ.

ಮಧ್ಯಾಹ್ನ ಇನ್ನೊಂದು ವಿಷಯ ಹೇಳಿದೆ. “ಇನ್ನು ಮೇಲೆ ನೀವು ಪ್ರತಿವಾರ ಬರಲೇಬೇಕು ಅಂತ ಏನಿಲ್ಲ ಮಾವ. ನಿಮ್ಗೂ ತೊಂದರೆ. ಬರದಿದ್ರೆ ನಾನೇನೂ ಅಂದ್ಕೊಳ್ಳಲ್ಲ.” ಬಾಯಲ್ಲಿ ಹಾಗೆ ಹೇಳಿದರೂ, ಹಾಗೆಲ್ಲ ಅನ್ನಬೇಡಮ್ಮ ಎಂದಾರು ಎಂದು ಕಾದಿದ್ದೆ.

“ಆಯ್ತು, ಆಯ್ತು. ಹಾಗೇ ಮಾಡೋಣ,” ಅಂದರು. ಟೀ ಕುಡಿದು, ಲೋಟ ತೊಳೆದಿಟ್ಟು, ಎಂದಿನ ಹಾಗೆ “ಬರ್ತೀನಮ್ಮ” ಎಂದು ಹೋದರು.

ಅಂತೂ ಒಂದು ಕೊನೆ ಸಿಕ್ಕಿತು.

ಜೂನ್ ೧೮, ಬುಧವಾರ

ಎತ್ತರದವು ಹೋದವು. ಸಣ್ಣವು ಬಂದವು. ಈ ಬಯಲಿನಲ್ಲಿ ಅವುಗಳ ದನಿ ದಾರಿ ತಪ್ಪಿದ ಹಾಗಿತ್ತು.

ಜೂನ್ ೧೯, ಗುರುವಾರ

ಬರೆಯುವುದಕ್ಕೇನೂ ಇಲ್ಲ.

ಜೂನ್ ೨೦, ಶುಕ್ರವಾರ

ಇವತ್ತು ದಪ್ಪ ಮೈಯ ಒಬ್ಬರ ಬೆನ್ನಿನ ಚಿತ್ರ ತೆಗೆಯುತ್ತಿದ್ದೆ. ಮೊದಲನೆಯದು ಮಂಜು ಕವಿದ ಹಾಗೆ ಬಂತು. ಇದು ದಿನಾ ಇರುವ ಗೋಳು. ಕಿರಣ ಮೈಗೆ ತಾಗಿ ದಿಕ್ಕುದಿಕ್ಕಿಗೆ ಚದುರುತ್ತದೆ. ಚದುರಿದ್ದು ನೇರವಾಗಿ ಬಂದದ್ದರ ಮೇಲೆ ಬಿದ್ದು ಮೂಳೆಯ ಅಂಚೇ ಕಾಣದ ಹಾಗೆ ಮಾಡುತ್ತದೆ. ಕಿರಣವನ್ನು ಜಾಸ್ತಿ ಮಾಡಿದರೆ ಮಂಜೂ ಜಾಸ್ತಿ. ಮಾಡಬೇಕಾದ್ದು ಬೇರೆ. ಕಿಂಡಿಯನ್ನು ಕಿರಿದು ಮಾಡಬೇಕು, ಬೇಕಾದ ಕಡೆಗಷ್ಟೇ ಬಿಡಬೇಕು. ಚಿತ್ರ ಹಿಡಿಯುವ ಹಲಗೆಯನ್ನು ಮೈಗೆ ಆದಷ್ಟು ಹತ್ತಿರ ಇಡಬೇಕು.

ಕೈಯಲ್ಲಿ ಹಲಗೆ ಹಿಡಿದು ಹಾಗೇ ನಿಂತುಬಿಟ್ಟೆ. ಆ ಮನುಷ್ಯ “ಉಸಿರು ಬಿಡ್ಲಾ ಮೇಡಂ?” ಎಂದು ಕೇಳಿದಾಗಲೇ ಎಚ್ಚರವಾದದ್ದು.

ಊಟದ ಹೊತ್ತಿಗೆ ಚಪ್ಪಾಳೆಯವರಿಗೆ ಫೋನ್ ಮಾಡಿದೆ. “ಸುತ್ತ ಚೆಲ್ಲದೆ ಬರೀ ಮುಂದಕ್ಕೆ ಕಳಿಸೋ ಸ್ಪೀಕರ್ ಇದೆಯಾ? ನಾನು ಹತ್ತಿರಾನೇ ಕೂತ್ಕೋತೀನಿ. ಗೋಡೆಯಿಂದ ದೂರ.”

“ಇದೆ ಮೇಡಂ. ಹಳೇ ಮಾದರಿ, ನೋಡೋಕೆ ಚೆನ್ನಾಗಿಲ್ಲ ಅಂತ ನಿಮ್ಗೆ ತೋರಿಸಲಿಲ್ಲ. ಭಾನುವಾರ ಬನ್ನಿ. ಆದ್ರೆ ನೆಲ ಮತ್ತೆ ಗಾಜು…”

“ಬಂದು ಮಾತಾಡ್ತೀನಿ.”

ಭಾನುವಾರ ಮಾವ ಬರುವುದಿಲ್ಲವಲ್ಲ. ಇಡೀ ದಿನ ಖಾಲಿ.

ಜೂನ್ ೨೨, ಭಾನುವಾರ

ಮಾವ ಬಂದರು. ಹನ್ನೊಂದರ ಬಸ್ಸಿಗೇ. ನಾನು ಚಪ್ಪಲಿ ಹಾಕಿಕೊಂಡು ಬೀಗ ಹಾಕುತ್ತಿದ್ದೆ. ಬರಬೇಕಾಗಿಲ್ಲ ಎಂದು ಹೇಳಿದ ಮೇಲೂ ಯಾಕೆ ಬಂದರು ಎಂದು ಕೇಳಲಿಲ್ಲ. “ಅಂಗಡಿಗೆ ಹೋಗ್ತಿದ್ದೀನಿ, ನೀವೂ ಬನ್ನಿ,” ಎಂದು ಕೈಸನ್ನೆ ಮಾಡಿದೆ.

ಅಂಗಡಿಯ ಕೇಳುವ ಕೋಣೆಯಲ್ಲಿ ಮಾವನನ್ನು ಸೋಫಾದಲ್ಲಿ ಕೂರಿಸಿದೆವು. ಚಪ್ಪಾಳೆಯವರು ಹಿಂದೆ ಬಾಗಿ ತಂತಿ ಜೋಡಿಸುತ್ತ, ತಲೆಯೆತ್ತದೆ, “ಯಜಮಾನ್ರೇ, ಟೀ ಕುಡೀತೀರಾ?” ಎಂದರು. ಜೋರಾಗಿಯೇನೂ ಅಲ್ಲ.

“ಸಕ್ಕರೆ ಕಮ್ಮಿ,” ಎಂದು ಮಾವ ತಿರುಗಿ ನೋಡದೆ ಹೇಳಿದರು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಅವರ ಬೆನ್ನ ಹಿಂದೆ ಹೋಗಿ, ಮೆಲ್ಲಗೆ, “ಮಾವ” ಅಂದೆ.

“ಏನಮ್ಮ?”

“ಬಸ್ಸಲ್ಲಿ ಸೀಟು ಸಿಕ್ತಾ?”

“ಸಿಕ್ತು. ಒಬ್ಳು ಹುಡುಗಿ ಎದ್ದು ಕೊಟ್ಳು. ನನ್ನನ್ನ ಅಷ್ಟು ಮುದುಕ ಅಂದ್ಕೊಂಡ್ಳಲ್ಲಾ ಅಂತ ಬೇಜಾರಾಯ್ತು, ಆದ್ರೂ ಕೂತೆ.” ಆಮೇಲೆ ನನ್ನ ಕಡೆ ತಿರುಗಿ, ಮಗು ಮೊದಲ ಸಲ ನಡೆದಾಗ ನೋಡುವ ಹಾಗೆ ನೋಡಿದರು. “ಇವತ್ತು ಎಷ್ಟು ಚೆನ್ನಾಗಿ ಮಾತಾಡ್ತಿದ್ದೀಯಮ್ಮ. ಮನೇಲಿ ಯಾಕೆ ಅಷ್ಟು ಗೊಣಗ್ತೀಯ? ಏನೂ ತಿಳಿಯೋದೇ ಇಲ್ಲ. ಬೇಜಾರಲ್ಲಿದ್ದೀಯ, ಪದೇ ಪದೇ ಏನು ಏನು ಅಂತ ಕೇಳೋದು ಬೇಡ ಅಂತ ನಾನೂ ಹೂಂಗುಟ್ತಾ ಇದ್ದೆ.”

ಚಪ್ಪಾಳೆಯವರು ಹಾಡು ಹಾಕಿದರು. ಗಿಡ್ಡನೆಯ, ಅಗಲವಾದ, ಕಂದು ಬಣ್ಣದ ಪೆಟ್ಟಿಗೆಗಳು. ನಡುವೆ ತುತ್ತೂರಿಯ ಬಾಯಿಯಂಥದ್ದು. ಹೇಗಿತ್ತೋ ನನಗೆ ಗೊತ್ತಿಲ್ಲ. ನಾನು ಭಾನುವಾರಗಳನ್ನು ಹಿಂದಕ್ಕೆ ತಿರುವಿಹಾಕುತ್ತಿದ್ದೆ. ಆಯ್ತು, ಆಯ್ತು, ಹಾಗೇ ಮಾಡೋಣ. ಈ ಸಲ ಬೇಗ ಶುರುವಾಯ್ತು. ಒಳ್ಳೇದಾಯ್ತು ಬಿಡಮ್ಮ.

ಹಾಡು ಮುಗಿದಾಗ ಮಾವ ತೊಡೆ ತಟ್ಟಿ ಹೇಳಿದರು. “ಇದನ್ನೇ ತಗೋ. ಅವನಿಗೂ ಹಿಡಿಸತ್ತೆ. ಕೋಪ ಇಳಿದ್ಮೇಲೆ ಎಲ್ಲಿಗೆ ಹೋಗ್ತಾನೆ? ಇವತ್ತಲ್ಲ ನಾಳೆ ಬರ್ತಾನೆ.”

ಜೂನ್ ೨೩, ಸೋಮವಾರ

ನಾದಿನಿಗೆ ಫೋನ್ ಮಾಡಿದೆ.

“ಅಪ್ಪನಿಗೆ ಗೊತ್ತಿಲ್ವಾ? ನೀವು ಹೇಳಿದ್ದೀರಿ ಅಂತಾನೇ ಅಂದ್ಕೊಂಡಿದ್ದೆ ಅತ್ತಿಗೆ. ಅಣ್ಣನೂ ಹಾಗೇ ಹೇಳ್ದ. ಅಪ್ಪ ಆ ಮಾತೇ ಎತ್ತದೆ ಇದ್ದಾಗ ನೋವಾಗಿರ್ಬೇಕು ಅಂತ ನಾವೂ ಸುಮ್ನಿದ್ವಿ.” ಆಮೇಲೆ, “ಈಗ ಹೇಳಲೇಬೇಕಾ?” ಎಂದಳು.

ಹೇಳದೇ ಇರಬಹುದು. ಹಾಗೇ ಬಿಟ್ಟರೆ ಭಾನುವಾರಗಳು ನಡೆದುಕೊಂಡು ಹೋಗುತ್ತವೆ. ಅವರು ಹೂಂಗುಟ್ಟುತ್ತಾರೆ, ನಾನು ಊಟ ಬಡಿಸುತ್ತೇನೆ. ನನಗೂ ಬೇರೆ ಯಾರಿದ್ದಾರೆ? ಇಡೀ ದಿನ ಇದನ್ನೇ ಯೋಚಿಸಿದೆ. ಆದರೆ ಮಗ ಬರುತ್ತಾನೆ ಎಂದು ಅವರು ನನ್ನ ಮನೆಯಲ್ಲಿ ಕೂತು ಕಾಯುವುದು, ಅದನ್ನು ನೋಡಿಕೊಂಡು ನಾನು ಟೀ ಮಾಡುವುದು ನನ್ನಿಂದಾಗದು.

ಜೂನ್ ೨೭, ಶುಕ್ರವಾರ

ಈ ವಾರ ಕೊಂಡದ್ದು: ನೆಲಕ್ಕೆ ಉಣ್ಣೆಯ ದಪ್ಪ ಜಮಖಾನ, ಇಟ್ಟಿಗೆಯ ಬಣ್ಣ. ಗಾಜಿಗೆ ನೆಲ ಮುಟ್ಟುವ ಪರದೆ, ನೆರಿಗೆ ಧಾರಾಳವಾಗಿ. ತುಂಬು ಕೈಯ ಎರಡು ಆರಾಮ ಕುರ್ಚಿ. ಮೀನಿನ ಗೋಡೆಯ ಮುಂದೆ ಪುಸ್ತಕದ ಕಪಾಟು. ಸದ್ದು ತಿರುಗಿ ಬಾರದಿರಲು ಪುಸ್ತಕಗಳು ಹೊಂದಿಕೆಯಿಲ್ಲದೆ ಹಿಂದೆ ಮುಂದೆ ಇದ್ದಷ್ಟೂ ಒಳ್ಳೆಯದಂತೆ, ಚಪ್ಪಾಳೆಯವರ ಮಾತು. ಪರದೆಯವರು ಬಣ್ಣ ಕೇಳಿದಾಗ ನಾನು ಯಾರನ್ನೂ ನೆನೆಸಿಕೊಳ್ಳದೆ “ಹಸಿರು” ಅಂದೆ.

ಚಪ್ಪಾಳೆಯವರು ಬಂದು ನಡುವೆ ನಿಂತು ತಟ್ಟಿದರು. ತಟ್ಟಿದ್ದು ಅಲ್ಲೇ ನಿಂತಿತು. ಹಕ್ಕಿ ಹಾರಿಹೋಗಿತ್ತು.

“ಪೂರ್ತಿ ಅಲ್ಲ, ಆದ್ರೂ ಪರವಾಗಿಲ್ಲ. ಹಿಂದಿನ ಅರ್ಧ ಇನ್ನೂ ಈಜುಕೊಳಾನೇ. ನೀವು ಆ ಕಡೆ ಹೋಗಬೇಡಿ ಅಷ್ಟೇ.”

ಕಂದು ಪೆಟ್ಟಿಗೆಗಳನ್ನು ಗೋಡೆಯಿಂದ ಎಳೆದು ಜಮಖಾನದ ಅಂಚಿಗೆ ಇಟ್ಟೆವು. ಎರಡು ಕುರ್ಚಿಗಳನ್ನು ಅವುಗಳಿಗೆ ಹತ್ತಿರ, ಒಂದಕ್ಕೊಂದು ಒತ್ತಿ. ದೊಡ್ಡ ಬಯಲಿನ ನಡುವೆ ಒಂದು ಸಣ್ಣ ಕೋಣೆ ಕಟ್ಟಿದ ಹಾಗಾಯಿತು, ಗೋಡೆಯಿಲ್ಲದ್ದು.

ಜೂನ್ ೨೯, ಭಾನುವಾರ

ಊಟಕ್ಕೆ ಮೊದಲೇ ಹೇಳಿದೆ. ಊಟ ಮಾಡಿಸಿ ಹೇಳಿದರೆ ಮೋಸವೆನ್ನಿಸಿತು.

ಜಮಖಾನದ ಮೇಲೆ, ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿದೆ. “ಮಾವ, ಇದು ಕೋಪ ಅಲ್ಲ. ಅವ್ರು ವಾಪಸ್ ಬರಲ್ಲ. ನಾವು ಬೇರೆ ಆಗಿದ್ದೀವಿ. ಕೋರ್ಟಲ್ಲಿ, ಕಾನೂನು ಪ್ರಕಾರ. ಮುಗಿದುಹೋಗಿದೆ.”

ಈ ಸಲ ತಲೆಯಾಡಿಸಲಿಲ್ಲ. ಪ್ರತಿ ಪದ ಒಳಗೆ ಹೋದದ್ದು ಮುಖದಲ್ಲಿ ಕಂಡಿತು.

“ಯಾವಾಗ?”

“ಮೇ ತಿಂಗಳಲ್ಲಿ.”

“ಮೇ ತಿಂಗಳಲ್ಲಿ,” ಅಂದರು. “ಅಂದ್ರೆ ಅವತ್ತಿಂದ ಯಾರೂ ಅಲ್ಲದೋನು ಪ್ರತಿ ಭಾನುವಾರ ಬಂದು ಇಲ್ಲಿ ಉಂಡ್ಕೊಂಡು ಹೋಗಿದ್ದೀನಿ. ನಂಗೆ ಯಾರೂ ಹೇಳ್ಲಿಲ್ಲ.”

“ನಾನು ಹೇಳಿದ್ದೆ ಮಾವ. ಇಲ್ಲಿಗೆ ಬಂದ ಹೊಸದ್ರಲ್ಲಿ. ಎಲ್ಲ ಮುಗೀತು ಅಂದೆ.”

“ನಾನೇನಂದೆ?”

ಸುಳ್ಳು ಹೇಳಬಹುದಿತ್ತು. “ಒಳ್ಳೇದಾಯ್ತು ಬಿಡಮ್ಮ, ಅಂದ್ರಿ.”

ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಬೆರಳುಗಳ ಸಂದಿನಿಂದ ದನಿ ಬಂತು. “ಬಚ್ಚಲ ಕೆಲಸ ಮುಗೀತು ಅಂದೆ ಅಂದ್ಕೊಂಡೆ ಕಣಮ್ಮ.”

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಮಾವ ಕಿವಿಯ ಯಂತ್ರವನ್ನು ತೆಗೆದು, ಅದರ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ನಾನು ಏನು ಹೇಳಿದರೂ ಅದು ನನಗೆ ಮಾತ್ರ. ಊಟ ಬೇಡವೆಂದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ನನ್ನ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು, “ಹೋಗ್ತೀನಿ” ಅಂದರು.

ಇಷ್ಟು ವರ್ಷದಲ್ಲಿ ಮಾವ ಒಂದು ದಿನವೂ ‘ಹೋಗ್ತೀನಿ’ ಎಂದವರಲ್ಲ.

ಜುಲೈ ೬, ಭಾನುವಾರ

ಬರಲಿಲ್ಲ. ಅನ್ನ ಉಳಿಯಿತು.

ಜುಲೈ ೯, ಬುಧವಾರ

ನಾದಿನಿಯ ಫೋನು. ಅಪ್ಪ ಮಾತಾಡುತ್ತಿಲ್ಲವಂತೆ. ಯಂತ್ರವನ್ನು ಕಿವಿಗೇ ಹಾಕಿಕೊಳ್ಳುತ್ತಿಲ್ಲ, ಕೇಳಿದ್ದಕ್ಕೆ ಉತ್ತರವಿಲ್ಲ. ಅಣ್ಣ ಬಂದು ಎದುರು ಕೂತರೂ ಪೇಪರ್ ಮಡಿಸಲಿಲ್ಲವಂತೆ. “ನೀವು ಹೇಳಬಾರದಿತ್ತು ಅತ್ತಿಗೆ,” ಎಂದಳು. ಮರುಕ್ಷಣವೇ, “ನಾವು ಹೇಳಬೇಕಿತ್ತು, ಅದೂ ನಿಜ,” ಎಂದಳು.

ಸಂಜೆ ಹಾಡು ಹಾಕಿದೆ. ಬಲಗಡೆಯ ಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿದ್ದು ಇವತ್ತೇ. ಅವಳು ಹಾಡಲು ಶುರುಮಾಡುವ ಮುಂಚೆ ತುಟಿ ಬಿಚ್ಚುವುದೂ ಕೇಳಿಸುತ್ತದೆ. ಮಾವನ ಮಗನಾಗಿದ್ದರೆ ಕೆಳದನಿಯ ದಬ್ ದಬ್ ಸಾಲದು ಎನ್ನುತ್ತಿದ್ದರು. ನನಗೆ ಸಾಕು. ತಗ್ಗಿದ ದನಿ ಇಷ್ಟ ನನಗೆ, ಒಂದೇ ವಾದ್ಯ ಇಷ್ಟ, ಜಾಸ್ತಿ ಗುಂಪು ಬೇಡ. ಚಪ್ಪಾಳೆಯವರಿಗೆ ಹೇಳಿಬಿಡಬೇಕು, ಇವೇ ಇರಲಿ ಎಂದು.

ಪಕ್ಕದ ಕುರ್ಚಿಯನ್ನು ಸರಿಸಿ ನೋಡಿದೆ. ಚೆನ್ನಾಗಿ ಕಾಣಲಿಲ್ಲ. ಅಲ್ಲೇ ಇಟ್ಟೆ.

ಜುಲೈ ೧೩, ಭಾನುವಾರ

ಹನ್ನೊಂದರ ಬಸ್ಸು ಹೋಗುವುದು ಪರದೆಯ ಹಿಂದಿನಿಂದಲೂ ಗೊತ್ತಾಗುತ್ತದೆ. ಹೋಯಿತು.

ಮಧ್ಯಾಹ್ನ ಚಪ್ಪಾಳೆಯವರು ಪೆಟ್ಟಿಗೆಗಳ ಕೆಳಗೆ ಇಡುವ ರಬ್ಬರ್ ಬಿಲ್ಲೆ ಕೊಡಲು ಬಂದರು. ಅಂಗಡಿ ಮುಚ್ಚಿ ಮನೆಗೆ ಹೋಗುವ ದಾರಿಯಂತೆ. ಊಟ ಮಾಡಿ ಎಂದೆ. ಬೇಡ ಬೇಡ ಎನ್ನುತ್ತಲೇ ಎರಡು ಸಲ ಹಾಕಿಸಿಕೊಂಡರು. ಅವರ ಹೆಂಡತಿಗೆ ಈ ಸ್ಪೀಕರುಗಳನ್ನು ಕಂಡರಾಗದಂತೆ. ಮನೆಯಲ್ಲಿ ಅವರು ಕೇಳುವುದು ಒಂದು ಹಳೇ ರೇಡಿಯೋ. “ಯಜಮಾನ್ರು ಎಲ್ಲಿ, ಕಾಣ್ಲಿಲ್ಲ?” ಎಂದು ಮಾವನನ್ನು ಕೇಳಿದರು. ಮೈ ಸರಿಯಿಲ್ಲ ಎಂದೆ.

ಜುಲೈ ೧೭, ಗುರುವಾರ

ಎಕ್ಸ್‌ರೇ ಕೋಣೆಯ ಹೊರಗೆ ಬೆಂಚಿನ ತುಂಬ ಜನ. ಒಬ್ಬರನ್ನು ಕಳಿಸಿ ಇನ್ನೊಬ್ಬರನ್ನು ಕರೆಯುವಷ್ಟರಲ್ಲಿ ಫೋನು. ನಾದಿನಿಯ ನಂಬರು. ಏನಾಯಿತೋ ಎಂದು ಕಾರಿಡಾರಿಗೆ ಓಡಿದೆ.

ನಾದಿನಿಯಲ್ಲ, ಮಾವ. ಅವರು ಯಾವತ್ತೂ ಯಾರಿಗೂ ಫೋನ್ ಮಾಡುವವರಲ್ಲ. ಫೋನಿನಲ್ಲಿ ಅವರಿಗೆ ಒಂದಕ್ಷರ ಕೇಳಿಸುವುದಿಲ್ಲ. ಮಿಲ್ಲಿನ ಈ ತುದಿಯಿಂದ ಆ ತುದಿಗೆ ಕೂಗುವ ದನಿ.

“ನಾನಮ್ಮ. ನೀನು ಮಾತಾಡಬೇಡ, ನಂಗೆ ಕೇಳ್ಸಲ್ಲ. ನಾನು ಹೇಳೋದು ಹೇಳಿ ಇಟ್ಬಿಡ್ತೀನಿ. ಇಷ್ಟು ದಿನ ಯೋಚನೆ ಮಾಡ್ದೆ. ಅವನು ನನ್ನ ಮಗ, ಏನ್ ಮಾಡಿದ್ರೂ ಮಗಾನೇ. ಅವನನ್ನ ಬಿಡೋಕೆ ನನ್ನ ಕೈಲಾಗಲ್ಲ, ಅದನ್ನ ನೀನು ಕೇಳಬೇಡ. ಆದ್ರೆ ಸಹಿ ಹಾಕಿರೋದು ನೀವಿಬ್ರು. ನನ್ನ ಹತ್ರ ಯಾರೂ ಸಹಿ ತಗೊಂಡಿಲ್ಲ. ಕೇಳ್ತಾ? ನನ್ನ ಹತ್ರ ಯಾರೂ ತಗೊಂಡಿಲ್ಲ.”

ಕೆಮ್ಮು ಬಂತು. ಹಿಂದೆ ನಾದಿನಿ ಏನೋ ಹೇಳುತ್ತಿದ್ದಳು. ಅವರಿಗೆ ಕೇಳಿಸಿರಲಾರದು.

“ಅವತ್ತು ಊಟ ಬೇಡ ಅಂದು ಬಂದೆನಲ್ಲ, ಅದು ತಪ್ಪು. ಆ ಕಂದು ಡಬ್ಬಗಳನ್ನ ವಾಪಸ್ ಕಳಿಸಿದ್ರೆ ಮತ್ತೆ ತರಿಸು. ಭಾನುವಾರ ಬರ್ತೀನಿ. ಬೇಡ ಅನ್ನೋದಿದ್ರೆ ಈಗ್ಲೇ ಹೇಳಿಬಿಡು, ಹೇಗೂ ನಂಗೆ ಕೇಳ್ಸಲ್ಲ.”

ಆಮೇಲೆ ಸುಮ್ಮನಾದರು. ನಾನು ಹೇಳಲೆಂದು ನಿಜವಾಗಿಯೂ ಕಾಯುತ್ತಿದ್ದರು, ಉಸಿರಾಡುವುದು ಕೇಳಿಸುತ್ತಿತ್ತು.

“ಬನ್ನಿ ಮಾವ!” ಎಂದು ಕೂಗಿದೆ. ಇನ್ನೊಂದು ಸಲ ಕೂಗಿದೆ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು, ಕೈಗೆ ಪಟ್ಟಿ ಕಟ್ಟಿಸಿಕೊಂಡು ತೂಕಡಿಸುತ್ತಿದ್ದವರೂ ಎದ್ದು ಕೂತರು. ಅಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಪಕ್ಕದ ವಾರ್ಡಿನ ನರ್ಸು ಬಾಗಿಲಿನಿಂದ ತಲೆ ಹಾಕಿದಳು. “ಯಾರು ಮೇಡಂ? ಏನಾಯ್ತು?”

“ನಮ್ಮ ಮಾವ,” ಅಂದೆ. “ಸ್ವಲ್ಪ ಕಿವಿ ಮಂದ.”